ರಟ್ಟಿನ ಮೇಲಿನ ದ್ವೀಪಗಳು

ಬೊರೆಟ್ಟೊ, 9 ಫೆಬ್ರವರಿ 1997

ಮಾನ್ಯ ಲೆಯಾರ್ಕೊ ಅವರಿಗೆ,

ನನ್ನ ನೆನಪು ನಿಮಗೆ ಇರಲಾರದು. ಔಷಧಿ ಅಂಗಡಿಯ ಈರಿದೆ ಅವರ ತಮ್ಮನ ಮಗಳು ನಾನು, ನಿವೆಸ್. ಚಿಕ್ಕಂದಿನಲ್ಲಿ ನಿಮ್ಮ ಗ್ಯಾರೇಜಿನ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದವಳು. ಅತ್ತೆ ಅಕ್ಟೋಬರಿನಲ್ಲಿ ತೀರಿಕೊಂಡರು. ನಿಮ್ಮ ಮಗಳ ಮನೆಯ ವಿಳಾಸ ಕೊಟ್ಟವರು ಪಾದ್ರಿಗಳು. “ಫೋನ್ ಮಾಡಬೇಡಮ್ಮ, ಇಂಜಿನ್ನುಗಳು ಅವನ ಕಿವಿ ತಿಂದುಹಾಕಿವೆ. ಕಾಗದ ಬರಿ. ಕಣ್ಣು ಮಾತ್ರ ಇನ್ನೂ ಹದ್ದಿನ ಕಣ್ಣು” ಎಂದರು.

ಅತ್ತೆಯ ಕಾರು ನನ್ನ ಪಾಲಿಗೆ ಬಂದಿದೆ. ಎರಡೇ ಸೀಟು, ಬಟ್ಟೆಯ ಚಾವಣಿ, ಬೆಳಗಿನ ಮಂಜಿನ ಬಣ್ಣ. ನನಗಿಂತ ಹದಿನೇಳು ವರ್ಷ ಚಿಕ್ಕದು, ಆದರೂ ಅದರ ಮುಂದೆ ನಿಂತರೆ ಹಿರಿಯರ ಮುಂದೆ ನಿಂತ ಹಾಗೆ ಆಗುತ್ತದೆ. ಉಯಿಲಿನಲ್ಲಿ ಒಂದೇ ಷರತ್ತು ಇತ್ತು: ಲೆಯಾರ್ಕೊನನ್ನು ಕೇಳದೆ ಯಾರೂ ಬಾನೆಟ್ ಎತ್ತಕೂಡದು. ಕ್ಷಮಿಸಿ, ನಾನು ಎತ್ತಿದೆ.

ಎರಡು ವಿಷಯ ಕಂಡವು. ಷೆಡ್ಡಿನ ನೆಲದ ಮೇಲೆ ಎಣ್ಣೆ ಬಿದ್ದಿದೆ. ಮತ್ತು ಇಂಜಿನ್ನಿನ ಮುಂಭಾಗದ ಕಪ್ಪು ಮುಚ್ಚಳದ ಮೇಲೆ ನಿಮ್ಮ ಕೈಬರಹದ ಚೀಟಿ: ‘ಟೈಮಿಂಗ್ ಬೆಲ್ಟ್, 14 ಮೇ 1991, ಲೆ. ಮ.’ ಹೆಚ್ಚುಕಡಿಮೆ ಆರು ವರ್ಷವಾಯಿತು. ನಾನು ಕಾಲುವೆ ಇಲಾಖೆಯಲ್ಲಿ ನಕ್ಷೆ ಬರೆಯುವವಳು, ಯಂತ್ರಗಳ ಬಗ್ಗೆ ಏನೂ ತಿಳಿಯದು. ಕಚೇರಿಯಲ್ಲಿ ಒಬ್ಬರು ಹೆದರಿಸಿದರು. ಇಂಥ ಹಳೆಯ ಕಾರುಗಳಲ್ಲಿ, ಓಡಿದರೂ ಓಡದಿದ್ದರೂ, ಐದು ವರ್ಷಕ್ಕೊಮ್ಮೆ ಆ ರಬ್ಬರ್ ಬೆಲ್ಟ್ ಬದಲಿಸಲೇಬೇಕಂತೆ. ಓಡುವಾಗ ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಇಂಜಿನ್ ಒಂದೇ ಉಸಿರಿಗೆ ಸಾಯುತ್ತದಂತೆ. ಘಾಟಿಯ ಇಳಿಜಾರಿನಲ್ಲಿ ಹಾಗಾದರೆ ಬ್ರೇಕೂ ಅರ್ಧ ಸತ್ತಂತೆಯೇ ಎಂದರು.

ಕೇಳಲು ಕಾರಣವಿದೆ. ಅತ್ತೆ ಪ್ರತಿ ವರ್ಷ ಜೂನ್ ತಿಂಗಳ ಮೊದಲ ಭಾನುವಾರ ಚೆರ್ರೆತೊ ಘಾಟಿ ದಾಟಿ, ಲೆರಿಚಿಯಲ್ಲಿ ಸಮುದ್ರ ನೋಡಿ, ಸಂಜೆಗೆ ಮರಳುತ್ತಿದ್ದರು. ಪ್ರತಿ ವರ್ಷವೂ ನನ್ನನ್ನು ಕರೆದರು. ಪ್ರತಿ ವರ್ಷವೂ ನನಗೆ ಏನೋ ಒಂದು ಕೆಲಸವಿತ್ತು. ಕಳೆದ ಜೂನಿನಲ್ಲಿ ಅವರ ಕಾಲಿನಲ್ಲಿ ಬಲವಿರಲಿಲ್ಲ, ಹಾಗಾಗಿ ಕರೆಯಲಿಲ್ಲ. ಈ ಜೂನ್ ಒಂದಕ್ಕೆ ನಾನು ಹೋಗಬೇಕೆಂದಿದ್ದೇನೆ.

ಗಾಡಿಯನ್ನು ನದಿಯಾಚೆ ವಿಯದಾನದ ಒತೆಲ್ಲೊ ಅವರಿಗೆ ತೋರಿಸಲೇ? ಅಥವಾ ನಿಮ್ಮ ಮಾತಿಗೆ ಕಾಯಲೇ?

ವಿಶ್ವಾಸಿ,
ನಿವೆಸ್


ಕಾರ್ಲೊಫೋರ್ತೆ, 20 ಫೆಬ್ರವರಿ

ಸಿನ್ಯೋರಾ ನಿವೆಸ್ ಅವರಿಗೆ,

ಈರಿದೆ ಹೋದದ್ದು ನಿಮ್ಮ ಕಾಗದದಿಂದಲೇ ತಿಳಿದದ್ದು. ದ್ವೀಪಕ್ಕೆ ಸಾವಿನ ಸುದ್ದಿಯೂ ಹಡಗು ಹತ್ತಿಯೇ ಬರಬೇಕು. ಎರಡು ದಿನ ಬಂದರಿಗೆ ಹೋಗಲಿಲ್ಲ. ಮಗಳು ಮಿರ್ಕಾ ಏನಾಯಿತು ಎಂದು ಕೇಳಿದಳು. ಗಿರಾಕಿ ಒಬ್ಬರು ಹೋದರು ಅಂದೆ. ಅಷ್ಟೇ ಅಂದೆ.

ಎಣ್ಣೆಯ ವಿಷಯಕ್ಕೆ ಹೆದರಬೇಡಿ. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಹಳೆಯ ಗಾಡಿ ಎಣ್ಣೆ ಸೋರುತ್ತಿಲ್ಲ ಅಂದರೆ ಒಳಗೆ ಎಣ್ಣೆಯೇ ಇಲ್ಲ ಅಂತ. ಸೋರುವುದು ಒಳ್ಳೆಯದು. ಎಲ್ಲಿಂದ ಸೋರುತ್ತಿದೆ ಎನ್ನುವುದು ಮುಖ್ಯ.

ಹೀಗೆ ಮಾಡಿ. ಒಂದು ದೊಡ್ಡ ರಟ್ಟು ತಂದು ಇಂಜಿನ್ನಿನ ಕೆಳಗೆ ಹಾಸಿ. ಎಡ ಚಕ್ರ ಬಲ ಚಕ್ರ ಎಲ್ಲಿವೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿ. ಏಳು ದಿನ ಬಿಡಿ. ಆಮೇಲೆ ಮಡಚದೆ ಸುರುಳಿ ಸುತ್ತಿ ಅಂಚೆಗೆ ಹಾಕಿ. ಪ್ರತಿ ಹನಿಯೂ ತಾನು ಎಲ್ಲಿಂದ ಹೊರಟೆ ಎಂದು ಹೇಳುತ್ತದೆ. ಮೂವತ್ತೆಂಟು ವರ್ಷ ಓದಿದ ಲಿಪಿ ಅದು.

ಒತೆಲ್ಲೊ ಒಳ್ಳೆಯವನು, ಕೈ ಮಾತ್ರ ಅವಸರದ್ದು. ಅವನಿಗೆ ತೋರಿಸಬೇಡಿ. ನಾನು ಇಲ್ಲಿಂದಲೇ ನೋಡುತ್ತೇನೆ. ಅಲ್ಲಿಯವರೆಗೆ ಗಾಡಿ ಚಾಲೂ ಮಾಡಬೇಡಿ. ಜೂನ್ ಇನ್ನೂ ದೂರವಿದೆ.

ಲೆಯಾರ್ಕೊ ಮಾನ್ಫ್ರೆದೀನಿ


ಬೊರೆಟ್ಟೊ, 3 ಮಾರ್ಚ್

ಮಾನ್ಯ ಲೆಯಾರ್ಕೊ ಅವರಿಗೆ,

ಮೊದಲ ರಟ್ಟು ಕಳಿಸುತ್ತಿದ್ದೇನೆ. ಇನ್ನೊಂದನ್ನು ಹಾಸಿದ್ದೇನೆ, ಅದೂ ಇದರ ಹಿಂದೆಯೇ ಬರುತ್ತದೆ. ಮೂರು ಕಲೆಗಳಿವೆ. ನಡುವಿನದು ದೊಡ್ಡದು. ಎಡಗಡೆಯದು ಹುರುಳಿಕಾಳಿನ ಆಕಾರ. ಮೂರನೆಯದು ಎಷ್ಟು ಚಿಕ್ಕದೆಂದರೆ ಅದು ಕಲೆಯೋ ನನ್ನ ಅನುಮಾನವೋ ಹೇಳಲಾರೆ.

ನಗಬೇಡಿ, ಅಂಚೆಗೆ ಹಾಕುವ ಮುಂಚೆ ತೆಳುಕಾಗದ ಇಟ್ಟು ಅದರ ನಕಲು ತೆಗೆದುಕೊಂಡೆ. ಇಪ್ಪತ್ತು ವರ್ಷದಿಂದ ನೀರು ಎಲ್ಲಿ ಹರಿಯಬೇಕೋ ಅದರ ನಕ್ಷೆ ಬರೆದಿದ್ದೇನೆ. ತನಗೆ ಬೇಕಾದ ಕಡೆ ಹರಿದದ್ದರ ನಕ್ಷೆ ಬರೆದದ್ದು ಇದೇ ಮೊದಲು. ರಟ್ಟನ್ನು ಕಿಟಕಿಯ ಹತ್ತಿರ ಹಿಡಿದರೆ ಕಂದು ಸಮುದ್ರದಲ್ಲಿ ಮೂರು ದ್ವೀಪಗಳು. ಹೊರಗೆ ಪೋ ನದಿಯ ಮಂಜು. ಏರಿ ಇಲ್ಲ, ನದಿ ಇಲ್ಲ, ಊರೂ ಇಲ್ಲ. ಇರುವುದು ಈ ಮೂರು ದ್ವೀಪಗಳು ಮಾತ್ರ ಅನ್ನಿಸಿತು.

ಬೆಲ್ಟಿನ ಬಗ್ಗೆ ನೀವು ಏನೂ ಹೇಳಲಿಲ್ಲ. ಮರೆತಿರೋ, ಅಥವಾ ಹೇಳುವಂಥದ್ದೇನೂ ಇಲ್ಲವೋ?

ನಿವೆಸ್


ಕಾರ್ಲೊಫೋರ್ತೆ, 12 ಮಾರ್ಚ್

ಸಿನ್ಯೋರಾ ನಿವೆಸ್,

ನಡುವಿನ ಕಲೆ ಎಣ್ಣೆ ಚೇಂಬರಿನ ಗ್ಯಾಸ್ಕೆಟ್‌ನದು. ಮುದಿತನ, ಬೇರೇನಿಲ್ಲ. ಎಡಗಡೆಯದು ಮೇಲಿನಿಂದ ಇಳಿದು ಬಂದದ್ದು. ಮೂರನೆಯದು ಕಲೆಯೇ, ನಿಮ್ಮ ಅನುಮಾನವಲ್ಲ. ಮುಂದಿನ ಆಯಿಲ್ ಸೀಲ್ ಹತ್ತಿರದ್ದು. ಅದನ್ನು ನಾನು ಗಮನದಲ್ಲಿಟ್ಟಿರುತ್ತೇನೆ.

ನಿಮ್ಮ ಎರಡನೆಯ ರಟ್ಟೂ ತಲುಪಿತು. ಅದರಲ್ಲಿ ಏನೂ ಇಲ್ಲ. ತಣ್ಣಗೆ ನಿಂತ ಗಾಡಿ ಹಾಗೆಯೇ, ಕೊನೆಗೆ ಸೋರುವುದನ್ನೂ ಮರೆಯುತ್ತದೆ. ಸಂತೋಷ. ಅದು ಮಲಗಿರಲಿ. ಒಂದು ವರ್ಷ ಸಮುದ್ರ ತಪ್ಪಿದರೆ ಸಮುದ್ರವೇನೂ ಬತ್ತುವುದಿಲ್ಲ. ರಟ್ಟಿನ ಮೇಲೆ ಮತ್ತೆ ಏನಾದರೂ ಬಿದ್ದರೆ ಮಾತ್ರ ಬರೆಯಿರಿ. ಇಲ್ಲದಿದ್ದರೆ ಸುಮ್ಮನೆ ತೊಂದರೆ ತೆಗೆದುಕೊಳ್ಳಬೇಡಿ.

ನಿಮ್ಮ ಮೊದಲ ರಟ್ಟನ್ನು ಅಡುಗೆಮನೆಯ ಗೋಡೆಗೆ ಒರಗಿಸಿಟ್ಟಿದ್ದೆ. ಮಿರ್ಕಾ ಸುಮ್ಮನಿರುತ್ತಾಳೆಯೇ? “ಅಪ್ಪಾ, ಹೆಂಗಸರು ಹೂ ಕಳಿಸಿದ್ರೆ ಗಂಡಸರ ಮುಖ ಅರಳೋದು ನೋಡಿದ್ದೀನಿ. ಕೊಳೆ ರಟ್ಟು ಕಳಿಸಿದ್ರೂ ಅರಳುತ್ತೆ ಅಂತ ಗೊತ್ತಿರ್ಲಿಲ್ಲ!” ಅಂದಳು. ಅಳಿಯ ಮೀನಿನ ಬಲೆ ಹೊಲಿಯುತ್ತ ಕೂತಿದ್ದವನು, “ಸುಮ್ನಿರೇ, ಅದು ನಮ್ಮ ದ್ವೀಪದ ಥರಾನೇ ಇದೆ ನೋಡು, ದೀಪಸ್ತಂಭ ಒಂದು ಇಲ್ಲ ಅಷ್ಟೆ” ಅಂದ. ನಿಜ. ಎಡಗಡೆಯ ಕಲೆ ನಾವಿರುವ ದ್ವೀಪದ ಹಾಗೆಯೇ ಇದೆ.

ಲೆಯಾರ್ಕೊ


ಬೊರೆಟ್ಟೊ, 24 ಮಾರ್ಚ್

ಮಾನ್ಯ ಲೆಯಾರ್ಕೊ,

ಏನಾದರೂ ಬಿದ್ದರೆ ಮಾತ್ರ ಬರೆಯಿರಿ ಎಂದಿದ್ದಿರಿ. ಬಿದ್ದಿದೆ. ಈ ವಾರದ ರಟ್ಟು ನೋಡಿ, ದ್ವೀಪಗಳಲ್ಲ, ಒಂದು ಖಂಡವೇ. ಏಕೆ ಹೀಗಾಯಿತೋ ನೀವೇ ಹೇಳಬೇಕು. ಬೆಚ್ಚಗಾದ ಗಾಳಿಯೇ?

ಮನೆಗೆ ಬಂದು ನಿಮ್ಮ ಕಾಗದ ಓದುವಾಗ ನಾನು ಕೋಟನ್ನೂ ತೆಗೆಯುವುದಿಲ್ಲ ಎಂದು ಮೊನ್ನೆ ಗಮನಕ್ಕೆ ಬಂತು. ಅದು ಒಳ್ಳೆಯದೋ ಅಲ್ಲವೋ ಯೋಚಿಸುತ್ತ ಕುಂಬಳಕಾಯಿ ತುಂಬಿದ ತೊರ್ತೆಲ್ಲಿ ಕಡುಬಿಗೆ ತಳ ಹಿಡಿಸಿದೆ. ಮಾತಾಡುವ ಜನ ನನಗೆ ಇಲ್ಲವೆಂದಲ್ಲ. ಆದರೆ ನಾನು ನೋಡಿದ್ದನ್ನೇ ಇನ್ನೊಬ್ಬರು ಅಷ್ಟೇ ಹೊತ್ತು ನೋಡುತ್ತಾರೆ ಎನ್ನುವುದು ಬೇರೆ.

ನಿಮಗೆ ಒಂದು ಮಾತು ಹೇಳಬೇಕು, ಅತ್ತೆಯ ಮಾತು. ಸಮುದ್ರಕ್ಕೆ ಹೋದವರು ಅಲ್ಲೇ ಒಂದು ರಾತ್ರಿ ಉಳಿದು ಬರಬಾರದೇ ಎಂದು ಒಮ್ಮೆ ಕೇಳಿದ್ದೆ. ಅವರು ನಕ್ಕು, “ಹೇಗೆ ಉಳೀಲೇ? ಲೆಯಾರ್ಕೊ ಗ್ಯಾರೇಜಿನ ಬಾಗ್ಲಲ್ಲಿ ನಿಂತಿರ್ತಾನೆ. ಬೆಳಗ್ಗೆ ಹೋಗುವಾಗ್ಲೂ ನಿಂತಿರ್ತಾನೆ, ಸಂಜೆ ಬರುವಾಗ್ಲೂ ಅದೇ ಜಾಗ. ನನ್ನ ಗಾಡಿ ಒಳಗೆ ಹೋಗೋವರೆಗೂ ಬಾಗ್ಲು ಹಾಕಲ್ಲ. ದಾರಿ ನೋಡೋರು ಒಬ್ಬರಿದ್ದಾರೆ ಅಂದ್ಮೇಲೆ ಮನೆಗೆ ಬರಬೇಕಲ್ವಾ?” ಎಂದರು. ಅವರನ್ನು ಹಾಗೆ ಕಾದವರು ನೀವೊಬ್ಬರೇ ಅನ್ನಿಸುತ್ತದೆ. ಅದಕ್ಕಾಗಿ, ತಡವಾದರೂ, ನನ್ನ ನಮಸ್ಕಾರ.

ನಿವೆಸ್


ಕಾರ್ಲೊಫೋರ್ತೆ, 1 ಏಪ್ರಿಲ್

ನಿವೆಸ್ ಅವರಿಗೆ,

ನಿಮ್ಮ ನಮಸ್ಕಾರವನ್ನು ಇಟ್ಟುಕೊಳ್ಳಲಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದೊಂದು ಪದ್ಧತಿ ಇತ್ತು. ಬೇರೆ ಮೆಕ್ಯಾನಿಕ್‌ಗಳು ಕೆಲಸ ಮುಗಿದ ಮೇಲೆ ಚೀಟಿ ಬರೆಯುತ್ತಾರೆ. ಸಂಜೆ ಹೊತ್ತಿಗೆ ಕೈಯೆಲ್ಲ ಗ್ರೀಸ್, ಅಕ್ಷರ ಮಸಿಯಾಗುತ್ತದೆ. ನಾನು ಬೆಳಗ್ಗೆ ಕೈ ತೊಳೆದು ಮೊದಲು ಚೀಟಿ ಬರೆದು ಅಂಟಿಸುತ್ತಿದ್ದೆ. ಬರೆದ ಮೇಲೆ ಮಾಡದೆ ಇರಲಾಗದು, ಅದು ದೇವರಿಗೆ ಕೊಟ್ಟ ಮಾತಿನ ಹಾಗೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಜಂಬ.

91ರ ಮೇ ಹದಿನಾಲ್ಕು. ಚೀಟಿ ಅಂಟಿಸಿದೆ. ಮುಚ್ಚಳ ಬಿಚ್ಚಿದೆ. ಹೊಸ ಬೆಲ್ಟನ್ನು ಸೀಮೆಸುಣ್ಣದಲ್ಲಿ ‘ಈರಿದೆ’ ಎಂದು ಬರೆದು ಗೋಡೆಯ ಮೊಳೆಗೆ ನೇತುಹಾಕಿದ್ದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಹೇಳಿಕಳಿಸಿದರು. ನನ್ನ ಹೆಂಡತಿ ದಿರ್ಚೆಗೆ ಜೋರಾಗಿದೆ ಎಂದು. ಸ್ಕ್ರೂಗಳು ಕಳೆದುಹೋದಾವೆಂದು ಮುಚ್ಚಳವನ್ನು ಹಾಗೇ ವಾಪಸು ಬಿಗಿದು ಓಡಿದೆ. ಹನ್ನೊಂದು ದಿನದ ಮೇಲೆ ಅಂಗಡಿ ತೆರೆದಾಗ ದಿರ್ಚೆ ಇರಲಿಲ್ಲ. ಗಾಡಿಯ ಮುಚ್ಚಳ ಹಾಕಿತ್ತು, ಮೇಲೆ ನನ್ನ ಕೈಬರಹ ಇತ್ತು. ನನ್ನ ಕೈಬರಹವನ್ನು ನಾನೇ ನಂಬಿದೆ. ಈರಿದೆ ಬಂದರು, ಕೀಲಿ ಕೊಟ್ಟೆ.

ಆ ಚಳಿಗಾಲದಲ್ಲಿ ಗೋಡೆ ಸುಣ್ಣ ಬಳಿಯಲು ಮೊಳೆಯ ಮೇಲಿನದನ್ನೆಲ್ಲ ಇಳಿಸಿದಾಗ ಬೆಲ್ಟ್ ಕೈಗೆ ಬಂತು. ಈರಿದೆ ಎಂಬ ಸೀಮೆಸುಣ್ಣ ಇನ್ನೂ ಅಳಿಸಿರಲಿಲ್ಲ.

ಔಷಧಿ ಅಂಗಡಿಗೆ ನನ್ನ ಬಾಗಿಲಿನಿಂದ ಎಂಬತ್ತು ಹೆಜ್ಜೆ. ಹೋಗಲಿಲ್ಲ. ಮೊದಲ ದಿನ ಹೋಗಲಿಲ್ಲ, ಎರಡನೆಯ ದಿನ ಮೊದಲ ದಿನ ಏಕೆ ಬರಲಿಲ್ಲ ಎಂದು ಕೇಳಿಯಾರೆಂದು ಹೋಗಲಿಲ್ಲ. ಹಾಗೆಯೇ ನಾಲ್ಕು ಜೂನ್. ಆ ಗಾಡಿಯಲ್ಲಿ ಇರುವುದು 86ರಲ್ಲಿ ಹಾಕಿದ ಬೆಲ್ಟ್. ಅದರ ಮೇಲೆ ಈರಿದೆ ಘಾಟಿ ಇಳಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತದ್ದು ಪ್ರೀತಿಯಿಂದಲ್ಲ. ಭಯದಿಂದ. ಮಗಳು ಕರೆದಳೆಂದು ಊರಿಗೆ ಹೇಳಿ ಇಲ್ಲಿಗೆ ಬಂದೆ. ಆ ಬಾಗಿಲಲ್ಲಿ ಇನ್ನೊಂದು ಜೂನ್ ನಿಲ್ಲಲಾರೆ ಎಂದು ಬಂದದ್ದು.

ಒತೆಲ್ಲೊಗೆ ತೋರಿಸಬೇಡಿ ಎಂದದ್ದೂ ಅದಕ್ಕೇ. ಆ ಮುಚ್ಚಳ ತೆರೆದರೆ ಒಳಗೆ ಬೆಲ್ಟ್ ಇರುವುದಿಲ್ಲ, ನಾನು ಇರುತ್ತೇನೆ.

ಲೆಯಾರ್ಕೊ

(ಅಂಚೆಗೆ ಹಾಕಲಿಲ್ಲ. ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಗಾಡಿ ನಿಂತೇ ಇದೆ. ಮೇ ತಿಂಗಳಲ್ಲಿ ಹೇಳಿದರೂ ನಡೆಯುತ್ತದೆ.)


ಕಾರ್ಲೊಫೋರ್ತೆ, 2 ಏಪ್ರಿಲ್

ನಿವೆಸ್ ಅವರಿಗೆ,

ರಟ್ಟು ನೋಡಿದೆ. ಹೌದು, ಬಿಸಿಲು ಏರಿದೆ, ಎಣ್ಣೆ ತೆಳುವಾಗಿ ಹೆಚ್ಚು ಬೀಳುತ್ತದೆ. ಇನ್ನೂ ಎರಡು ಮೂರು ರಟ್ಟು ನೋಡದೆ ಏನೂ ಹೇಳಲಾರೆ. ತಪ್ಪದೆ ಕಳಿಸಿ. ಚಾಲೂ ಮಾಡಬೇಡಿ.

ಇಲ್ಲಿ ಗಾಳಿ ಜೋರಾಗಿದೆ.

ಲೆಯಾರ್ಕೊ


ಬೊರೆಟ್ಟೊ, 9 ಏಪ್ರಿಲ್

ಪ್ರಿಯ ಲೆಯಾರ್ಕೊ,

ನಿಮ್ಮ ಈ ಸಲದ ಕಾಗದ ಆರೇ ಸಾಲಿನದು. ಅತ್ತೆಯ ಮಾತು ಬರೆದದ್ದು ಅಧಿಕಪ್ರಸಂಗವಾಯಿತೇ ಎಂದು ವಾರವೆಲ್ಲ ಯೋಚಿಸಿದೆ. ಗಂಡಸರ ಮೃದುತ್ವವನ್ನು ಅವರ ಮುಂದೆಯೇ ಹೇಳಬಾರದು ಎಂದು ಅಮ್ಮ ಹೇಳುತ್ತಿದ್ದರು. ಹಾಗಿದ್ದರೆ ಮನ್ನಿಸಿ.

ರಟ್ಟು ಕಳಿಸಿದ್ದೇನೆ. ಇದುವರೆಗಿನದರಲ್ಲಿ ಇದೇ ಚೆಂದ. ಬಾಲಚುಕ್ಕಿಯ ಹಾಗೆ ಇದೆ.

ಇಲ್ಲಿ ಪಾಪ್ಲರ್ ಮರಗಳು ಚಿಗುರುತ್ತಿವೆ. ಬ್ರೆಶೆಲ್ಲೊ ಕಡೆಯ ಏರಿಯ ಮೇಲೆ ಬೆಳಗಿನ ಜಾವ ಮಂಜು ಸೊಂಟದವರೆಗೆ ಇರುತ್ತದೆ, ಅದರ ಮೇಲೆ ಆಕಾಶ ತೊಳೆದಿಟ್ಟ ಹಾಗೆ. ತಗ್ಗಿನಲ್ಲಿ ಕೂತು, ತಲೆಯ ಮೇಲೆ ಚಾವಣಿಯಿಲ್ಲದೆ ನೋಡಿದರೆ ಎರಡು ಬದಿಯ ಕೊಂಬೆಗಳು ಮೇಲೆ ಹರಿದುಹೋಗುತ್ತವೆ. ಮರ ಹರಿಯುತ್ತಿದೆಯೋ ನಾನೋ, ನದಿಯ ಮೇಲೋ ಕೆಳಗೋ, ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ನಲವತ್ತನಾಲ್ಕು ವರ್ಷ ಈ ಏರಿಯ ನಕ್ಷೆಯೊಳಗೇ ಇದ್ದವಳು, ಏರಿಯ ಮೇಲೆ ಇದ್ದೇನೆ ಎಂದು ಈಗ ಅನ್ನಿಸುತ್ತಿದೆ.

ಜೂನ್ ಒಂದಕ್ಕೆ ಐವತ್ತಮೂರು ದಿನ. ಬೆಲ್ಟಿನ ಬಗ್ಗೆ ಇನ್ನು ಕೇಳುವುದಿಲ್ಲ. ನಿಮ್ಮ ಚೀಟಿ ಇದೆಯಲ್ಲ, ಸಾಕು.

ನಿಮ್ಮ,
ನಿವೆಸ್


ತಂತಿ. ಕಾರ್ಲೊಫೋರ್ತೆ, 17 ಏಪ್ರಿಲ್

ಗಾಡಿ ಚಾಲೂ ಮಾಡಬೇಡಿ. ಬೆಲ್ಟ್ ಬದಲಾಗಿಲ್ಲ. ಚೀಟಿ ಸುಳ್ಳು. ತಪ್ಪು ನನ್ನದು. ಕಾಗದ ಬರುತ್ತಿದೆ. ಲೆಯಾರ್ಕೊ


ಕಾರ್ಲೊಫೋರ್ತೆ, 17 ಏಪ್ರಿಲ್

ನಿವೆಸ್,

ಅಂಚೆ ಕಚೇರಿಯಿಂದ ಈಗ ಬಂದೆ. ಮಿರ್ಕಾ ಜೊತೆಗೆ ಬಂದಿದ್ದಳು. ಕೌಂಟರಿನವನು ಪದಗಳನ್ನು ಜೋರಾಗಿ ಓದಿ ಎಣಿಸಿದ. ಕ್ಯೂನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ.

ನಿಂತ ಗಾಡಿಯ ಹನಿ ದುಂಡಗೆ ಬೀಳುತ್ತದೆ, ದಪ್ಪ ಅಂಚು ಇರುತ್ತದೆ. ಬಿಸಿ ಇಂಜಿನ್ನಿನ ಹನಿ ನೀರಿನ ಹಾಗೆ ಹರಡುತ್ತದೆ. ನಿಮ್ಮ ಖಂಡವನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಬಿಸಿಲು ಎಂದುಕೊಂಡೆ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ನಿನ್ನೆ ಬಂದ ಬಾಲಚುಕ್ಕಿಯ ಬಾಲ ಯಾವುದು ಗೊತ್ತೇ? ಗಾಡಿ ರಟ್ಟಿನ ಮೇಲೆ ಉರುಳಿ ಬರುವಾಗ ಸಾಲಾಗಿ ಬಿದ್ದ ಹನಿಗಳು. ನಡುವೆ ಪಾಪ್ಲರ್ ಮರದ ಕೆಂಪು ಹೂತೆನೆ ಒಂದು ಅಂಟಿಕೊಂಡಿದೆ. ಈರಿದೆಯ ಮುಚ್ಚಿದ ಷೆಡ್ಡಿನಲ್ಲಿ ಪಾಪ್ಲರ್ ಇಲ್ಲ. ಆಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿದೆ. ಚಾವಣಿಯಿಲ್ಲದೆ ಎಂದು ಬರೆದಿದ್ದೀರಿ.

ಇನ್ನೊಂದು ಕಾಗದ ಜೊತೆಗಿದೆ. ಏಪ್ರಿಲ್ ಒಂದರದು. ಆವತ್ತೇ ಹಾಕಬೇಕಿತ್ತು.

ಆ ಮೂರನೆಯ ಚಿಕ್ಕ ಕಲೆಯನ್ನು ಗಮನದಲ್ಲಿಟ್ಟಿದ್ದೇನೆ ಎಂದಿದ್ದೆನಲ್ಲ. ಅದು ಬೆಲ್ಟಿನ ಮೇಲೆಯೇ ತೊಟ್ಟಿಕ್ಕುವ ಎಣ್ಣೆ. ರಬ್ಬರಿಗೆ ಅದೇ ವಿಷ.

ಲೆಯಾರ್ಕೊ


ಕಾರ್ಲೊಫೋರ್ತೆ, 30 ಏಪ್ರಿಲ್

ನಿವೆಸ್,

ಬದುಕಿದ್ದೀರಿ ಎಂದಷ್ಟೇ ಬರೆಯಿರಿ. ಖಾಲಿ ಲಕೋಟೆಯಾದರೂ ಸಾಕು.

ಲೆಯಾರ್ಕೊ


ಕಾರ್ಲೊಫೋರ್ತೆ, 8 ಮೇ

ನಿವೆಸ್,

ಬೊರೆಟ್ಟೊದ ಪಾದ್ರಿಗಳಿಗೆ ಮಿರ್ಕಾ ಫೋನ್ ಮಾಡಿದಳು. ನೀವು ಪ್ರತಿದಿನ ಸೈಕಲ್ಲಿನಲ್ಲಿ ಕಚೇರಿಗೆ ಹೋಗುತ್ತಿದ್ದೀರಂತೆ. ಸೈಕಲ್ ಎಂದು ಕೇಳಿ ಕೂತುಬಿಟ್ಟೆ.

ಬರೆಯದಿದ್ದರೆ ಬೇಡ. ಒಂದು ಕೆಲಸ ಮಾಡಿ. ಗಾಡಿಯನ್ನು ಚಾಲೂ ಮಾಡದೆ, ಎಳೆಸಿಕೊಂಡು, ವಿಯದಾನದ ಒತೆಲ್ಲೊ ಹತ್ತಿರ ಒಯ್ಯಿರಿ. ಅವನ ಕೈ ಅವಸರದ್ದಲ್ಲ. ಸುಳ್ಳು ಹೇಳಿದ್ದೆ. ನಮ್ಮ ಸೀಮೆಯಲ್ಲಿ ಅವನಷ್ಟು ನಿಧಾನಸ್ಥ ಬೇರೆ ಇಲ್ಲ. ಅವನಿಗೂ ಇವತ್ತು ಕಾಗದ ಹಾಕಿದ್ದೇನೆ, ಎಲ್ಲ ಬರೆದಿದ್ದೇನೆ. ಅವನು ಶನಿವಾರ ಕಾಫಿ ಬಾರಿನಲ್ಲಿ ಇಸ್ಪೀಟಿಗೆ ಕೂರುತ್ತಾನೆ, ಭಾನುವಾರದ ಹೊತ್ತಿಗೆ ನದಿಯ ಎರಡು ದಂಡೆಗೂ ಗೊತ್ತಾಗುತ್ತದೆ. ಆಗಲಿ. ನನ್ನ ಒಳ್ಳೆಯ ಹೆಸರನ್ನು ಕಾಯುವ ಕೆಲಸದಿಂದ ನಾನು ನಿವೃತ್ತನಾದೆ.

ಲೆಯಾರ್ಕೊ


ಬೊರೆಟ್ಟೊ, 18 ಮೇ

ಲೆಯಾರ್ಕೊ ಅವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆದ ನಾಲ್ಕು ಕಾಗದಗಳನ್ನು ಹರಿದೆ. ಒಂದರಲ್ಲಿ ಕೋಪ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು.

ನಿಮ್ಮ ತಂತಿ ಬಂದದ್ದು ಶುಕ್ರವಾರ ಬೆಳಗ್ಗೆ. ನಾನು ಏರಿಯ ಮೇಲಿಂದ ಆಗಷ್ಟೇ ಬಂದು ಗೇಟಿನ ಮುಂದೆ ನಿಲ್ಲಿಸಿದ್ದೆ. ಅಂಚೆಯ ಈವೊ ಅಲ್ಲೇ ಇದ್ದ. “ಇಂಜಿನ್ ಆರಿಸ್ಬೇಡಿ ಸಿನ್ಯೋರಾ, ಕೂತಲ್ಲೇ ಸಹಿ ಹಾಕಿ. ಕೆಟ್ಟ ಸುದ್ದಿಯೇನಲ್ಲ, ಯಾವ್ದೋ ಬೆಲ್ಟ್ ವಿಷ್ಯ” ಅಂದ. ಚಾಲೂ ಮಾಡಬೇಡಿ ಎಂಬ ಮಾತನ್ನು ಚಾಲೂ ಆಗಿದ್ದ ಗಾಡಿಯಲ್ಲಿ ಕೂತು ಓದಿದೆ. ನನ್ನ ಮುಂದೆ, ಆ ಕಪ್ಪು ಮುಚ್ಚಳದ ಹಿಂದೆ, ಅದು ಸುತ್ತುತ್ತಿತ್ತು. ಎಂದಿನ ಸದ್ದೇ. ಅದೇ ಹೆದರಿಸಿದ್ದು, ಸದ್ದು ಎಂದಿನಂತೆಯೇ ಇದ್ದದ್ದು. ಕೀಲಿ ತಿರುಗಿಸಿದ ಮೇಲೆ ಬಹಳ ಹೊತ್ತು ಹಕ್ಕಿಗಳ ದನಿ ಕೇಳುತ್ತ ಕೂತಿದ್ದೆ.

ಈಗ ನನ್ನ ಸುಳ್ಳು. ನೀವು ಖಾಲಿ ರಟ್ಟಿಗೆ ಉತ್ತರ ಬರೆದಿರಲ್ಲ, ಏನಾದರೂ ಬಿದ್ದರೆ ಮಾತ್ರ ಬರೆಯಿರಿ ಎಂದು. ಅದನ್ನು ವಿದಾಯ ಎಂದುಕೊಂಡೆ. ಬಿಸಿಯಾದರೆ ಸೋರುತ್ತದೆ ಎಂದು ಕಚೇರಿಯವರು ಹೇಳಿದರು. ಅದಕ್ಕೇ ಓಡಿಸಿದೆ. ಮೊದಲ ಸಲ ಸೇತುವೆಯವರೆಗೆ, ಆಮೇಲೆ ಬ್ರೆಶೆಲ್ಲೊವರೆಗೆ. ನಿಮಗೆ ಕಳಿಸಲು ಒಂದು ಕಲೆ ಬೇಕಿತ್ತು, ಅಷ್ಟೇ. ನೀವು ನನ್ನನ್ನು ತಡೆಯಲು ರಟ್ಟು ಕೇಳಿದಿರಿ, ನಾನು ರಟ್ಟಿಗಾಗಿ ಓಡಿಸಿದೆ. ನಮ್ಮಿಬ್ಬರಲ್ಲಿ ಒಬ್ಬರಾದರೂ ನಿಜ ಹೇಳಿದ್ದರೆ ಸಾಕಿತ್ತು.

ನನ್ನ ಕೋಪ ನನ್ನ ಜೀವದ ಬಗ್ಗೆ ಅಲ್ಲ. ಅತ್ತೆಯ ನಾಲ್ಕು ಜೂನ್‌ಗಳ ಬಗ್ಗೆ. ನೀವು ದಾರಿ ಕಾಯುತ್ತೀರಿ ಎಂದು ಅವರು ಮನೆಗೆ ಮರಳುತ್ತಿದ್ದರು. ಈಗಲೂ ಇದನ್ನು ಬರೆಯುವಾಗ ಪೆನ್ನು ಒತ್ತಿ ಹಿಡಿದಿದ್ದೇನೆ. ಆದರೆ ಒಂದು ಬೆಳಗ್ಗೆ ಸೈಕಲ್ ತುಳಿಯುತ್ತ ಹೊಳೆಯಿತು: ಅದೇ ನಾಲ್ಕು ಜೂನ್‌ಗಳಲ್ಲಿ ಪಕ್ಕದ ಸೀಟಿಗೆ ಅವರು ಕರೆದದ್ದು ನನ್ನನ್ನು. ನೀವು ಭಯದಿಂದಲಾದರೂ ಬಾಗಿಲಲ್ಲಿ ನಿಂತಿರಿ. ನಾನು ಯಾವ ಬಾಗಿಲಲ್ಲೂ ನಿಲ್ಲಲಿಲ್ಲ. ಇದರಿಂದ ನಿಮ್ಮ ತಪ್ಪು ಕಡಿಮೆಯಾಗುವುದಿಲ್ಲ. ನನ್ನ ಕೋಪಕ್ಕೆ ನಿಲ್ಲಲು ಜಾಗ ಕಡಿಮೆಯಾಯಿತು.

ಗುರುವಾರ ಒತೆಲ್ಲೊ ಮುಚ್ಚಳ ತೆರೆದರು. ಒಳಗಿನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಅಯ್ಯೋ ತಾಯಿ, ಇದು ಬೆಲ್ಟಾ, ನಿನ್ನೆ ಬೇಯಿಸಿಟ್ಟ ಶಾವಿಗೆಯಾ?” ಅಂದರು. ನಿಮ್ಮ ಕಾಗದ ಬಂದಿತೇ ಎಂದು ಕೇಳಿದೆ. “ಬಂತು. ಓದ್ಲಿಲ್ಲ, ಕನ್ನಡಕ ಮನೇಲಿತ್ತು.” ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. “ಬಾರ್‌ನಲ್ಲಿ ಯಾರಾದ್ರೂ ಕೇಳಿದ್ರೆ?” ಅಂದೆ. “ಬಾರ್‌ನಲ್ಲಿ ಇಸ್ಪೀಟಿನ ಹೊತ್ತಲ್ಲಿ ಮಾತಾಡಿದ್ರೆ ಆಟ ಸೋಲ್ತೀನಮ್ಮ” ಅಂದರು. ಹಳೆಯ ಚೀಟಿಯನ್ನು ಬಿಸಿನೀರಿನ ಬಟ್ಟೆಯಿಂದ ಮೆಲ್ಲಗೆ ಎಬ್ಬಿಸಿದರು. ಹೊಸ ಬೆಲ್ಟ್, ಹೊಸ ಸೀಲ್, ಹೊಸ ಗ್ಯಾಸ್ಕೆಟ್. ಆದರೆ ಹೊಸ ಚೀಟಿ ಬರೆಯಲಿಲ್ಲ. “ಅದು ಲೆಯಾರ್ಕೊ ಜಾಗ. ಅಲ್ಲಿ ನಾನ್ಯಾಕೆ ಬರೀಲಿ?”

ಹಳೆಯ ಬೆಲ್ಟನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಶಿಕ್ಷೆಗೆಂದಲ್ಲ. ಇದನ್ನೂ ಓದಿ ಹೇಳಿ: ಇನ್ನೆಷ್ಟು ದಿನ ತಾಳುತ್ತಿತ್ತು?

ನಿವೆಸ್


ಕಾರ್ಲೊಫೋರ್ತೆ, 25 ಮೇ

ನಿವೆಸ್,

ಬೆಲ್ಟನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟೆ. ಹಲ್ಲುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದೆ. ಒಂಬತ್ತು ಹಲ್ಲಿನ ಬುಡದಲ್ಲಿ ಸೀಳು. ಒಂದು ಅಂಚು ಎಣ್ಣೆ ಕುಡಿದು ಮೆತ್ತಗಾಗಿದೆ. ಎಷ್ಟು ದಿನ ತಾಳುತ್ತಿತ್ತು ಎಂದು ಕೇಳಿದ್ದೀರಿ. ಗೊತ್ತಿಲ್ಲ. ಇನ್ನೊಂದು ಬೆಳಗ್ಗೆ, ಅಥವಾ ಇನ್ನೊಂದು ವರ್ಷ. ಮೂವತ್ತೆಂಟು ವರ್ಷದಲ್ಲಿ ಯಾವ ಗಿರಾಕಿಗೂ ಈ ಮಾತು ಹೇಳಿರಲಿಲ್ಲ: ಗೊತ್ತಿಲ್ಲ.

ಮಿರ್ಕಾ ಅದನ್ನು ಬಿಸಾಡಲು ಹೋದಳು. ಬೇಡ ಅಂದೆ. “ಅಡುಗೆಮನೇಲಿ ಇದೊಂದು ಬೇಕಿತ್ತಾ ಅಪ್ಪಾ!” ಅಂದಳು, ಆಮೇಲೆ ತಾನೇ ಮೊಳೆ ಹೊಡೆದುಕೊಟ್ಟಳು.

ಚೀಟಿ ಕಳಿಸಿದ್ದೇನೆ. ಜನ್ಮದಲ್ಲಿ ಮೊದಲ ಸಲ ಕೆಲಸ ಮುಗಿದ ಮೇಲೆ ಬರೆದದ್ದು. ‘ಟೈಮಿಂಗ್ ಬೆಲ್ಟ್, 15 ಮೇ 1997. ಹಾಕಿದವನು ಒತೆಲ್ಲೊ. ಬರೆದವನು ಲೆ. ಮ.’

ಇಲ್ಲಿ ಯಾವ ಬಾಗಿಲೂ ಚೆರ್ರೆತೊ ಕಡೆಗೆ ತೆರೆಯುವುದಿಲ್ಲ. ಆದರೆ ಬಂದರಿನ ಕಟ್ಟೆಯ ಮೇಲೆ ಉತ್ತರಕ್ಕೆ ಮುಖ ಮಾಡಿದ ಒಂದು ಬೆಂಚು ಇದೆ. ಒಂದನೆಯ ತಾರೀಕು ನಾನು ಅಲ್ಲಿರುತ್ತೇನೆ. ಈ ಸಲ ಭಯದಿಂದಲ್ಲ ಎಂದು ಬರೆಯಲು ಹೊರಟೆ. ಅದೂ ಪೂರ್ತಿ ನಿಜವಲ್ಲ.

ಲೆಯಾರ್ಕೊ


ಲೆರಿಚಿ, 1 ಜೂನ್, ಭಾನುವಾರ

ಪ್ರಿಯ ಲೆಯಾರ್ಕೊ,

ಸಮುದ್ರದ ಮುಂದೆ ನಿಂತಿದ್ದೇನೆ, ಗಾಡಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಡಿಯಿಂದ ಬಿಸಿ ಕೈಗೆ ತಾಗುತ್ತಿದೆ.

ಘಾಟಿಯ ತುದಿಯಲ್ಲಿ ಮೋಡ ರಸ್ತೆಗೆ ಅಡ್ಡ ಬಿದ್ದಿತ್ತು. ಇಳಿಜಾರಿನ ಮೊದಲ ತಿರುವಿನಲ್ಲಿ ಉಸಿರು ಹಿಡಿದೆ, ಆಮೇಲೆ ಹಿಡಿದಿದ್ದೇನೆ ಎಂಬುದನ್ನೇ ಮರೆತೆ. ಪಕ್ಕದ ಸೀಟಿನ ಮೇಲೆ ಅತ್ತೆಯ ತಲೆಗವಸು ಇಟ್ಟಿದ್ದೆ, ಗಾಳಿ ಅದರೊಳಗೆ ಹೊಕ್ಕು ತಲೆಯಾಡಿಸಿದ ಹಾಗೆ ಮಾಡುತ್ತಿತ್ತು. ಈ ನೀರಿನ ಇನ್ನೊಂದು ತುದಿಯಲ್ಲಿ ನಿಮ್ಮ ಬೆಂಚು ಇದೆ ಎಂದು ನಕ್ಷೆ ಬರೆಯುವವಳಿಗೆ ಗೊತ್ತಿರಬೇಕಾದಷ್ಟು ಗೊತ್ತು. ಸ್ವಲ್ಪ ಹೊತ್ತು ದಕ್ಷಿಣಕ್ಕೆ ನೋಡಿದೆ.

ನಿಮ್ಮನ್ನು ಪೂರ್ತಿ ಕ್ಷಮಿಸಿದ್ದೇನೆಯೇ? ದಿನಕ್ಕೊಂದು ಉತ್ತರ ಬರುತ್ತದೆ. ಇವತ್ತಿನದು ಹೌದು.

ಗಾಡಿ ನಿಲ್ಲಿಸುವಾಗ ಅಭ್ಯಾಸಬಲದಿಂದ ಅಡಿಗೆ ರಟ್ಟು ಹಾಸಿದೆ. ಅರ್ಧ ಗಂಟೆ ಕಳೆಯಿತು. ಒಂದು ಹನಿಯೂ ಬಿದ್ದಿಲ್ಲ. ಓದಲು ಏನೂ ಇಲ್ಲದ ರಟ್ಟು ಇದು. ಆದರೂ ಸುರುಳಿ ಸುತ್ತಿ ಕಳಿಸುತ್ತಿದ್ದೇನೆ, ಇನ್ನು ಮುಂದೆ ಬರೆಯಲು ನೆಪ ಏನಿರುತ್ತದೋ ತಿಳಿಯದು.

ಸಂಜೆಯೊಳಗೆ ಮನೆಗೆ ಹೊರಡುತ್ತೇನೆ.

ನಿವೆಸ್


ತಂತಿ. ಕಾರ್ಲೊಫೋರ್ತೆ, 7 ಜೂನ್

ಖಾಲಿ ರಟ್ಟು ತಲುಪಿತು. ಸೋರದ ಗಾಡಿಯನ್ನು ನಂಬಬೇಡಿ. ಚಾಲೂ ಮಾಡುವ ಮುಂಚೆ ಅಳತೆ ಕಡ್ಡಿ ಎಳೆದು ಎಣ್ಣೆ ಇದೆಯೇ ನೋಡಿ. ನೋಡಿ ಬರೆಯಿರಿ. ಪ್ರತಿ ವಾರ ಬರೆಯಿರಿ. ಲೆಯಾರ್ಕೊ